ಬಿದಿರು ಮೆಳೆಯ ಮುಳ್ಳು: ಉತ್ತರ ಕನ್ನಡದ ಒಂದು ಅಧ್ಯಯನದ ಇತಿಹಾಸ

ಮನುಷ್ಯರ ಬದುಕು ಮತ್ತು ಅದರ ಸುತ್ತಣ ನಿಸರ್ಗ ಒಂದರ ಮೇಲೊಂದು ಬೀರುವ ಪ್ರಭಾವವನ್ನು ಅರಸುವ ಶಾಸ್ತ್ರಕ್ಕೆ ಮಾನವ ಪರಿಸರ ವಿಜ್ಞಾನ ಎಂದು ಹೆಸರು. ಈ ಶಾಸ್ತ್ರ ಕರ್ನಾಟಕದಲ್ಲಿ ಬೇರೂರಿದ ನೆಲೆಗಳಲ್ಲಿ ಉತ್ತರ ಕನ್ನಡದ ಬಿದಿರು ಕಾಡಿಗೆ ವಿಶೇಷ ಸ್ಥಾನವಿದೆ.

ಬುಟ್ಟಿ, ಮೊರ, ತಟ್ಟಿಗಳನ್ನು ಹೆಣೆದು ಜೀವನ ಸಾಗಿಸುವ ಮೇದರಿಗೂ, ಬೇಲಿಗೆ, ಚಪ್ಪರಕ್ಕೆ, ಏಣಿಗೆ ಬಿದಿರನ್ನೇ ನಂಬಿದ್ದ ರೈತರಿಗೂ ಈ ಕಾಡು ತಲೆಮಾರುಗಳಿಂದ ಆಸರೆಯಾಗಿತ್ತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಆರಂಭವಾದಾಗ ಟನ್ನಿಗೆ ಕೇವಲ 1.50 ರೂಪಾಯಿಯಂತೆ ಅದಕ್ಕೆ ಬಿದಿರು ದೊರೆಯಿತು. ಮೇದರು ಮಾರುಕಟ್ಟೆಯಲ್ಲಿ ತೆರುತ್ತಿದ್ದ ಬೆಲೆಯಾದರೋ ಇದರ ನೂರಾರು ಪಟ್ಟು. ಕಾಡಿನಲ್ಲಿರುವ ಬಿದಿರಿನ ಬಗ್ಗೆ ಮಾಡಿದ್ದ ಅಂದಾಜೂ ವಾಸ್ತವಕ್ಕಿಂತ ಬಹಳ ಹೆಚ್ಚಿನದಾಗಿದ್ದುದರಿಂದ ಮೆಳೆಗಳು ಬೇಗನೆ ಬರಿದಾದವು, ಆದರೆ ದನ ಮೇಯಿಸುವ, ಕಳಲೆ ಕೀಳುವ ಹಳ್ಳಿಗರೇ ಇದಕ್ಕೆ ಕಾರಣರೆಂಬ ಮಾತು ಅಧಿಕಾರಿವರ್ಗದಲ್ಲಿ ಬಲವಾಗಿತ್ತು.

1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಮೆಳೆಗಳು ಬರಿದಾಗಲು ನಿಜವಾದ ಕಾರಣವೇನೆಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹೆಬ್ಬಿದಿರಿನ ಬುಡದಲ್ಲಿ ಮುಳ್ಳುಗೊಂಬೆಗಳು ಹೆಣೆದುಕೊಂಡು ದಟ್ಟವಾದ ಹೊದಿಕೆಯಾಗಿರುತ್ತವೆ. ಮೆಳೆಗೆ ಗಾಳಿ, ಜಾಗ ಸಿಕ್ಕಿ ಬೆಳವಣಿಗೆ ಹೆಚ್ಚುತ್ತದೆಂಬ ನಂಬಿಕೆಯಿಂದ ಇದನ್ನು ಸವರಿ ತೆಗೆಯುವುದು ಅರಣ್ಯ ನಿರ್ವಹಣೆಯ ಕ್ರಮವಾಗಿತ್ತು. ಊರಿನವರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಮಳೆಗಾಲದಲ್ಲಿ ನೆಲದಿಂದ ಮೇಲೇಳುವ ಎಳೆಯ ಕಳಲೆಗೆ ಆ ಮುಳ್ಳೇ ಕಾವಲು, ಅದನ್ನು ತೆಗೆದರೆ ದನಗಳೂ ಕಾಡುಪ್ರಾಣಿಗಳೂ ಚಿಗುರನ್ನು ತಿಂದು ಹಾಕುತ್ತವೆ. ಸಂಶೋಧಕರು ಮೆಳೆಗಳನ್ನು ಗಮನಿಸಿ, ಹೊಸ ಗಳುಗಳನ್ನು ಎಣಿಸಿ ಪರೀಕ್ಷಿಸಿದಾಗ ಹಳ್ಳಿಗರ ಮಾತೇ ನಿಜವೆಂದು ಸಿದ್ಧವಾಯಿತು. ಪುಸ್ತಕದ ವಿದ್ಯೆಯಿಂದ ಬಂದ ಕ್ರಮವೊಂದು ಕಾಡಿಗೆ ಹಾನಿ ಮಾಡುತ್ತಿದ್ದಾಗ ಅದನ್ನು ಮೊದಲು ಕಂಡವರು ಅಕ್ಷರ ಕಲಿಯದವರೂ ಸೇರಿದ್ದ ಕಾಡಂಚಿನ ಜನ ಎಂಬುದು ಈ ಅಧ್ಯಯನದ ಅತಿ ಮುಖ್ಯ ಫಲ. ಅವರ ಅನುಭವವನ್ನು ಪರೀಕ್ಷೆಗೆ ಅರ್ಹವಾದ ತಿಳಿವಳಿಕೆಯೆಂದು ಗಣಿಸಿದ್ದರಿಂದಲೇ ಅದು ಸಾಧ್ಯವಾಯಿತು.

ಜನರ ತಿಳಿವಳಿಕೆಯನ್ನು ಗಣಿಸುವ ಈ ದಾರಿ ಮುಂದೆಯೂ ಸಾಗಿತು. 1983ರಲ್ಲಿ ಇದೇ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ರೂಪುಗೊಂಡಿತು. ಅಲ್ಲಿನವರ ಜೊತೆಗೆ ಕುಮಟೆಯ ಕಾಲೇಜು ಅಧ್ಯಾಪಕರಾಗಿದ್ದ ಎಂ.ಡಿ. ಸುಭಾಷ್ ಚಂದ್ರನ್ ಅವರೂ ಮಲೆನಾಡಿನ ಕಾನುಗಳನ್ನು, ಎಂದರೆ ಊರವರು ದೇವರ ಹೆಸರಿನಲ್ಲಿಯೂ ಮೆಣಸು, ಬೈನೆಗಳ ಆದಾಯಕ್ಕಾಗಿಯೂ ಕಾಪಾಡಿಕೊಂಡು ಬಂದ ನಿತ್ಯಹಸಿರು ಕಾಡಿನ ತುಣುಕುಗಳನ್ನು, ಆಳವಾಗಿ ಅಧ್ಯಯನ ಮಾಡಿದರು. ಊರಿನ ಗಿಡ, ಪ್ರಾಣಿ, ನೆಲಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಜನರಿಂದಲೇ ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿಯ ಕಲ್ಪನೆ 1990ರ ದಶಕದಲ್ಲಿ ಗಾಡ್ಗೀಳರ ಬಳಗದಲ್ಲಿ ಬೆಳೆಯಿತು. 2002ರ ಜೈವಿಕ ವೈವಿಧ್ಯ ಅಧಿನಿಯಮದ ಅಡಿಯಲ್ಲಿ 2004ರಲ್ಲಿ ಬಂದ ನಿಯಮಗಳು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಮುಖ್ಯ ಕೆಲಸ ಇದೇ ಎಂದು ವಿಧಿಸಿದವು. ಈ ದಾಖಲಾತಿಯನ್ನು ಕಚೇರಿಯಲ್ಲಿ ಕುಳಿತು ತುಂಬುವುದಕ್ಕೆ ಆ ನಿಯಮಗಳಲ್ಲಿ ಅವಕಾಶವಿರಲಿಲ್ಲ. ಸ್ಥಳೀಯ ಜನರೊಂದಿಗೆ ಸಮಾಲೋಚಿಸಿಯೇ ಅದನ್ನು ಸಿದ್ಧಪಡಿಸಬೇಕಿತ್ತು.