ಹಳೇ ದಾರಂದ, ಹೊಸ ಬಾಗಿಲು

ಹೋದ ಸಲ ಬೆಳಕೆಗೆ ಹೋದಾಗ ನಮ್ಮ ಹಳೇ ಮನೆ ಕೆಡವುತ್ತಿದ್ದರು. ಒಳಕೋಣೆಯ ದಾರಂದ ಹೊಸ ಮನೆಯ ಹಿತ್ತಿಲ ಬಾಗಿಲಿಗೆ ಹೋಯ್ತು, ಅಟ್ಟದ ತೊಲೆ ಕೊಟ್ಟಿಗೆಗೆ. "ಒಳ್ಳೇ ಮರ ತಮಾ, ಬಿಸಾಡಬೇಡ" ಅಂದರು ಆಚಾರಿ. ನನಗೆ ನೆನಪಾದದ್ದು ಮೈಟೋಕಾಂಡ್ರಿಯ! (ಇಂಜಿನಿಯರಿಗೆ ಬಯಾಲಜಿ ಯಾಕಪ್ಪಾ ಅಂತ ನಗಬೇಡಿ :-) )

ಪಿಯುಸಿಯಲ್ಲಿ ಓದಿದ್ದೀವಲ್ಲ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ. ಮೂಲದಲ್ಲಿ ಅದೊಂದು ಬ್ಯಾಕ್ಟೀರಿಯ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿಯಿತು. 1967ರಲ್ಲಿ ಲಿನ್ ಮಾರ್ಗುಲಿಸ್ ಈ ವಾದವನ್ನು ಮತ್ತೆ ಮುಂದಿಟ್ಟಾಗ ನಂಬಿದವರು ಕಡಿಮೆ. ಬರಬರುತ್ತಾ ಅದರ ಜೀನ್‌ಗಳು ಕೆಲವು ಕಳೆದುಹೋದವು, ಕೆಲವು ಕೋಶಕೇಂದ್ರಕ್ಕೆ ಹೋಗಿ ಕೂತವು. 1981ರಲ್ಲಿ ಮನುಷ್ಯನ ಮೈಟೋಕಾಂಡ್ರಿಯದ ಡಿಎನ್‌ಎ ಪೂರ್ತಿ ಓದಿದಾಗ ಸಿಕ್ಕಿದ್ದು 37 ಜೀನ್, ಅವುಗಳಲ್ಲಿ ಪ್ರೋಟೀನ್ ಮಾಡುವಂಥವು ಬರೀ 13. ಬೇಕಾದ ಪ್ರೋಟೀನುಗಳೋ, ಸಾವಿರಕ್ಕೂ ಹೆಚ್ಚು. ಉಳಿದವೆಲ್ಲ ಹೊರಗೆ ತಯಾರಾಗಿ, ಪೊರೆ ದಾಟಿ ಒಳಗೆ ಬರಬೇಕು.

ತೊಡಕು ಇಲ್ಲೇ ಇರೋದು. ಬಾಗಿಲಿಲ್ಲದೆ ಜೀನ್ ಹೊರಗೆ ಹೋದರೆ ಪ್ರೋಟೀನ್ ಒಳಗೆ ಬಾರದು. ಜೀನ್ ಹೊರಗೆ ಹೋಗುವ ಮೊದಲು ಬಾಗಿಲು ಯಾರಿಗೆ ಬೇಕಿತ್ತು?

ಉತ್ತರ ಆಚಾರಿಯ ಮಾತಲ್ಲೇ ಇದೆ. ಹೊರಪೊರೆಯ ಸ್ಯಾಮ್50 ಎಂಬ ಪ್ರೋಟೀನ್ ಬ್ಯಾಕ್ಟೀರಿಯದ ಬ್ಯಾಮ್‌ಎ ಜೊತೆ ಒಂದೇ ವಂಶದ್ದು. ಪ್ರೋಟೀನುಗಳನ್ನು ಒಳಕ್ಕೆಳೆಯುವ ಎಚ್‌ಎಸ್‌ಪಿ70 ಕೂಡ ಬ್ಯಾಕ್ಟೀರಿಯದಿಂದ ಬಂದ ಆಸ್ತಿ. 2009ರಲ್ಲಿ ಟ್ರೆವರ್ ಲಿಥ್‌ಗೋ ಮತ್ತು ಸಂಗಡಿಗರು ಕಾಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದಲ್ಲಿ ಟಿಮ್44, ಟಿಮ್14ಗಳ ನೆಂಟರನ್ನು ತೋರಿಸಿದರು. ಮೈಟೋಕಾಂಡ್ರಿಯದಲ್ಲಿ ಒಂದೇ ಬಾಗಿಲಿಗೆ ದುಡಿಯುವ ಇವು, ಅಲ್ಲಿ ಬೇರೆ ಬೇರೆ ಗುಂಪಿನಲ್ಲಿದ್ದವು. ಹೀಗೆ ಹಳೇ ಸಾಮಾನು ಸೇರಿ ಮೊದಲು ಒಂದು ಸಣ್ಣ ಕಿಂಡಿಯಾದರೂ ಸಾಕು. ಒಂದೆರಡು ಜೀನ್ ಹೊರಗೆ ಹೋದವು ಅಂದಮೇಲೆ ಕಿಂಡಿ ಮುಚ್ಚುವಂತಿಲ್ಲ, ಅಗಲ ಮಾಡಬೇಕಷ್ಟೇ.

ಎಲ್ಲವೂ ಹಳೇ ಮರವೇನಲ್ಲ. ಬಂದ ಪ್ರೋಟೀನನ್ನು ಗುರುತಿಸುವ ಟಾಮ್20 ಪ್ರಾಣಿಗಳಲ್ಲಿ ಒಮ್ಮೆ, ಸಸ್ಯಗಳಲ್ಲಿ ಇನ್ನೊಮ್ಮೆ ಬೇರೆಯಾಗಿಯೇ ಹುಟ್ಟಿದೆ.

ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲಿ ಪ್ಯಾಟ್ರಿಕ್ ಡಿಸಿಲ್ವ ಅವರ ತಂಡ ಯೀಸ್ಟ್ ಇಟ್ಟುಕೊಂಡು ಒಳಪೊರೆಯ ಟಿಮ್23 ಬಾಗಿಲನ್ನು ಅಧ್ಯಯನ ಮಾಡಿದೆ. ಇದು ಬರೀ ಕುತೂಹಲದ ಮಾತಲ್ಲ. ಒಳಗೆ ಸಾಗಿಸುವ ಕೆಲಸದ ಟಿಮ್8 ಎಂಬ ಪುಟ್ಟ ಪ್ರೋಟೀನಿನ ಜೀನ್ ಕೆಟ್ಟರೆ ಎಳೆಯ ಗಂಡುಮಕ್ಕಳು ಕಿವುಡರಾಗುತ್ತಾರೆ.

ಹಳೇ ಕೋಡ್ ಕಂಡರೆ ಎಲ್ಲಾ ಅಳಿಸಿ ಹೊಸದಾಗಿ ಬರೆಯೋಣ ಅನ್ನೋದು ನಮ್ಮ ಜಾತಿಯ ಚಾಳಿ. ಜೀವಕೋಶಕ್ಕೆ ಆ ಭಾಗ್ಯವಿಲ್ಲ. ಒಂದು ದಿನವೂ ಮನೆ ಖಾಲಿ ಮಾಡದೆ ರಿಪೇರಿ ಮಾಡಿಕೊಂಡು ಬಂದದ್ದು ಅದು. ಮುಂದಿನ ಸಲ ಕೋಡ್ ಬಿಸಾಡುವ ಮೊದಲು ಆಚಾರಿಯನ್ನು ನೆನೆಯಬೇಕು. ನೀವೇನಂತೀರಿ?