ಓದಿನಲ್ಲಿ ಅಪರಿಚಿತ ಪದಗಳ ಅರ್ಥಗ್ರಹಣ

ಓದುವಾಗ ಎದುರಾಗುವ ಗೊತ್ತಿಲ್ಲದ ಪದದ ಅರ್ಥವನ್ನು ವಿದ್ಯಾರ್ಥಿ ಅದರ ರಚನೆ ಮತ್ತು ಸಂದರ್ಭಗಳಿಂದ ತಾನೇ ಊಹಿಸಿ, ಬಳಿಕ ಖಚಿತಪಡಿಸಿಕೊಳ್ಳುವ ಕ್ರಮ. ಭಾಷಾಬೋಧನೆಯಲ್ಲಿ ಇದಕ್ಕೆ ಮಹತ್ವದ ಸ್ಥಾನವಿದೆ.

ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಕಾಗುಣಿತ, ಒತ್ತಕ್ಷರ ಕಲಿತ ಮಗು ಅರ್ಥ ತಿಳಿಯದ ಪದವನ್ನೂ ತಡವರಿಸದೆ ಉಚ್ಚರಿಸಬಲ್ಲದು. ಆದ್ದರಿಂದ ಓದು ಸರಾಗವಾಗಿದೆ ಎಂದ ಮಾತ್ರಕ್ಕೆ ಪಾಠ ಅರ್ಥವಾಗಿದೆ ಎಂದು ಭಾವಿಸುವಂತಿಲ್ಲ.

ಪದವನ್ನು ಬಿಡಿಸಿ ನೋಡುವುದು ಕನ್ನಡಕ್ಕೆ ಚೆನ್ನಾಗಿ ಒಗ್ಗುವ ಉಪಾಯ. ‘ಕಂಬನಿ’ಯನ್ನು ಬಿಡಿಸಿದರೆ ‘ಕಣ್’, ‘ಪನಿ’ ಸಿಗುತ್ತವೆ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ ‘ಪನಿ’ ಹನಿಯಾಗಿದೆ ಎಂದು ಹೊಳೆದರೆ ಕಣ್ಣೀರು ಎಂಬ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಸಂಧಿ, ಸಮಾಸಗಳನ್ನು ಪರೀಕ್ಷೆಯ ಅಂಕಕ್ಕೆ ಮೀಸಲಿಡದೆ ಗದ್ಯಪಾಠದ ನಡುವೆಯೇ ಹೀಗೆ ಬಳಸಬೇಕು. ವ್ಯಾಕರಣದ ನಿಜವಾದ ಪ್ರಯೋಜನ ಅಲ್ಲಿದೆ. ಆದರೆ ‘ಅನ್ಯಾಯ’ವನ್ನು ಬಿಡಿಸಿದಂತೆ ‘ಅರಸ’ನನ್ನು ಬಿಡಿಸಲಾಗದು. ಬಿಡಿಸಿದ ಅರ್ಥ ವಾಕ್ಯಕ್ಕೆ ಹೊಂದುತ್ತದೆಯೇ ಎಂದು ನೋಡಲೇಬೇಕು.

‘ಹೊಳೆ ತುಂಬಿ ಹರಿಯುತ್ತಿತ್ತು, ಹರಿಗೋಲನ್ನು ನೀರಿಗಿಳಿಸಲು ಅಂಬಿಗ ಹಿಂದೇಟು ಹಾಕಿದ’ ಎಂಬಲ್ಲಿ ಹರಿಗೋಲು ಹೊಳೆ ದಾಟುವ ಸಾಧನ ಎಂದು ಮಗು ಊಹಿಸಬಲ್ಲದು. ಅದು ದುಂಡಗಿನ ತೆಪ್ಪ, ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿ ಮಾಡಿದ್ದು ಎಂಬುದು ಈ ವಾಕ್ಯದಿಂದ ತಿಳಿಯದು. ಸಂದರ್ಭಕ್ಕಿರುವ ಮಿತಿ ಇದು. ಅಮೆರಿಕದ ನ್ಯಾಗಿ, ಹರ್ಮನ್ ಮತ್ತು ಆಂಡರ್ಸನ್ 1985ರಲ್ಲಿ ಪ್ರಕಟಿಸಿದ ಅಧ್ಯಯನವೂ ಒಂದು ಸಲ ಕಂಡ ಪದ ಸಂದರ್ಭದಿಂದಲೇ ಮನಸ್ಸಿನಲ್ಲಿ ನಿಲ್ಲುವ ಸಾಧ್ಯತೆ ಕಡಿಮೆ ಎಂದು ತೋರಿಸಿತು. ಹೆಚ್ಚು ಓದಿದಾಗ, ಅದೇ ಪದ ಮತ್ತೆ ಮತ್ತೆ ಎದುರಾದಾಗ ತಿಳಿವಳಿಕೆ ಗಟ್ಟಿಯಾಗುತ್ತದೆ.

ನಿಘಂಟು ನೋಡುವುದನ್ನೂ ಕಲಿಸಬೇಕಾಗುತ್ತದೆ. ‘ಮಿಂದ’ ಎಂಬುದರ ಅರ್ಥಕ್ಕೆ ‘ಮೀ’ ಧಾತುವನ್ನೂ, ‘ನೊಂದ’ ಎಂಬುದಕ್ಕೆ ‘ನೋಯು’ವನ್ನೂ ಹುಡುಕಬೇಕು. ಇದು ತಿಳಿಯದ ಮಗು ಪದವೇ ಇಲ್ಲವೆಂದು ನಿಘಂಟನ್ನು ಮುಚ್ಚಿಬಿಡುತ್ತದೆ.

ಮಗು ತಡೆದು ನಿಂತ ಕೂಡಲೇ ಅರ್ಥ ಹೇಳಿಬಿಡದೆ, ‘ಬಿಡಿಸಿ ನೋಡು, ಮುಂದಿನ ವಾಕ್ಯ ಓದು’ ಎಂದು ಶಿಕ್ಷಕರು ತುಸು ಕಾಯುವುದು ಒಳ್ಳೆಯದು. ಪಾಠದ ಕೊನೆಯ ‘ಪದಗಳ ಅರ್ಥ’ವನ್ನು ಮೊದಲೇ ಬಾಯಿಪಾಠ ಮಾಡಿಸಿದರೆ ಊಹೆಗೆ ಅವಕಾಶವೇ ಉಳಿಯದು. ವಾಕ್ಯವಾಕ್ಯಕ್ಕೂ ಹೊಸ ಪದ ಎದುರಾಗುವ ಪಠ್ಯದಲ್ಲಿ ಮಾತ್ರ ಈ ಯಾವ ಉಪಾಯವೂ ಸಾಗುವುದಿಲ್ಲ. ಅಂಥಲ್ಲಿ ಮಗುವಿಗೆ ಬೇರೆ ಪುಸ್ತಕ ಕೊಡಬೇಕು.