ಸರ್ ಹೆನ್ರಿ ಅರ್ವಿಂಗನೂ ನಟವೃತ್ತಿಯ ಗೌರವವೂ

ನಾಟ್ಯವನ್ನು ಐದನೆಯ ವೇದವೆಂದು ಸ್ತುತಿಸಿದ ದೇಶದಲ್ಲಿಯೇ ಶೈಲೂಷನ ಅನ್ನವು ಅಭೋಜ್ಯವೆಂದು ಮನುಸ್ಮೃತಿಯು ವಿಧಿಸಿತು. ಭರತಪುತ್ರರು ಋಷಿಗಳನ್ನು ಅಪಹಾಸ್ಯಮಾಡಿ ಶಾಪಗ್ರಸ್ತರಾದ ಕಥೆಯು ನಾಟ್ಯಶಾಸ್ತ್ರದ ಕೊನೆಯಲ್ಲಿಯೇ ಉಕ್ತವಾಗಿದೆ. ಕಲೆಯನ್ನು ಕೊಂಡಾಡಿ ಕಲಾವಿದನನ್ನು ದೂರವಿಡುವ ಈ ದ್ವೈಧವು ಭರತಖಂಡಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನಲ್ಲಿ 1572ರ ಶಾಸನವು ಪ್ರಭುಗಳ ಆಶ್ರಯವಿಲ್ಲದ ನಟರನ್ನು ಪುಂಡರ, ಅಲೆಮಾರಿಗಳ ಸಾಲಿನಲ್ಲಿ ಎಣಿಸಿತು. ಷೇಕ್ಸ್‌ಪಿಯರನ ಕೀರ್ತಿಯು ಲೋಕವನ್ನು ವ್ಯಾಪಿಸಿದ ಮೇಲೆಯೂ ಆತನ ಪಾತ್ರಗಳನ್ನು ಅಭಿನಯಿಸುವವರ ವಿಷಯದಲ್ಲಿ ಆ ಅನಾದರವು ಪೂರ್ಣವಾಗಿ ಅಳಿಯಲಿಲ್ಲ. ಅದನ್ನು ತೊಡೆಯಲು ಹೆನ್ರಿ ಅರ್ವಿಂಗನು ಮಾಡಿದುದೇನು, ಅದಕ್ಕಾಗಿ ತೆತ್ತುದೇನು ಎಂಬುದೇ ಪ್ರಕೃತ ವಿಚಾರ.

ಆತನ ಮೊದಲಿನ ಹೆಸರು ಜಾನ್ ಹೆನ್ರಿ ಬ್ರಾಡ್ರಿಬ್. ಸಾಮರ್‌ಸೆಟ್ ಪ್ರಾಂತದ ಕೀಂಟನ್ ಮ್ಯಾಂಡವಿಲ್ ಎಂಬ ಗ್ರಾಮದಲ್ಲಿ 1838ರ ಫೆಬ್ರವರಿ 6ರಂದು ಜನಿಸಿದನು. ತಾಯಿಯು ಮೆಥಡಿಸ್ಟ್ ಪಂಥದಲ್ಲಿ ದೃಢನಿಷ್ಠೆಯುಳ್ಳವಳಾದುದರಿಂದ ಮಗನು ರಂಗವನ್ನೇರುವುದನ್ನು ಒಪ್ಪಲಿಲ್ಲ. ಲಂಡನ್ನಿನಲ್ಲಿ ಕೆಲವು ವರ್ಷ ಗುಮಾಸ್ತೆಯಾಗಿದ್ದು, 1856ರಲ್ಲಿ ಸಂಡರ್‌ಲೆಂಡ್ ಪಟ್ಟಣದಲ್ಲಿ ಅರ್ವಿಂಗ್ ಎಂಬ ಹೊಸ ಹೆಸರಿನಿಂದ ಆತನು ರಂಗಪ್ರವೇಶ ಮಾಡಿದನು. ಬಳಿಕ ಹತ್ತು ವರ್ಷಗಳ ಕಾಲ ಎಡಿನ್‌ಬರೊ, ಮ್ಯಾಂಚೆಸ್ಟರ್ ಮೊದಲಾದ ಊರುಗಳಲ್ಲಿ ನೂರಾರು ಪಾತ್ರಗಳನ್ನು ವಹಿಸಿ ಪಳಗಿದನು. 1871ರ ನವೆಂಬರ್ 25ರಂದು ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ‘ದಿ ಬೆಲ್ಸ್’ ಎಂಬ ನಾಟಕವು ಪ್ರಯೋಗವಾಯಿತು. ಹಿಂದೆಂದೋ ಮಾಡಿದ ಕೊಲೆಯ ನೆನಪಿನಿಂದ, ಹತನಾದವನ ಗಾಡಿಯ ಗಂಟೆಗಳ ನಾದವನ್ನು ಕೇಳಿ ಕೇಳಿ ನಡುಗುವ ಮಥಾಯಸನ ಪಾತ್ರವು ಅರ್ವಿಂಗನನ್ನು ಒಂದೇ ರಾತ್ರಿಯಲ್ಲಿ ಪ್ರಸಿದ್ಧನನ್ನಾಗಿ ಮಾಡಿತು. 1874ರಲ್ಲಿ ಆರಂಭವಾದ ‘ಹ್ಯಾಮ್ಲೆಟ್’ 200 ರಾತ್ರಿಗಳು ನಡೆಯಿತು.

1878ರಲ್ಲಿ ಆತನು ಲೈಸಿಯಮ್ಮಿನ ಆಡಳಿತವನ್ನು ತಾನೇ ವಹಿಸಿಕೊಂಡನು. ನಮ್ಮ ಸೂತ್ರಧಾರನಂತೆ ಪ್ರಯೋಗವನ್ನು ನಡೆಸುವುದರ ಜೊತೆಗೆ, ಧನದ ಹೊಣೆಯನ್ನೂ ಹೊತ್ತು ಮುಖ್ಯ ಪಾತ್ರವನ್ನೂ ವಹಿಸುವವನು ಆಂಗ್ಲರಂಗದ ನಟ-ಯಜಮಾನ. ನಟಿಯರಲ್ಲಿ ಶ್ರೇಷ್ಠಳಾದ ಎಲೆನ್ ಟೆರಿಯು ಈತನ ಸಹಚಾರಿಣಿಯಾದಳು. ಮುಂದೆ ‘ಡ್ರ್ಯಾಕುಲಾ’ ಕಾದಂಬರಿಯನ್ನು ಬರೆದ ಬ್ರ್ಯಾಮ್ ಸ್ಟೋಕರನು ವ್ಯವಹಾರವನ್ನು ನೋಡಿಕೊಂಡನು. 1879ರ ‘ವೆನಿಸಿನ ವರ್ತಕ’ದಲ್ಲಿ ಅರ್ವಿಂಗನ ಷೈಲಾಕನು ಕೇವಲ ಹಾಸ್ಯಕ್ಕೋ ದ್ವೇಷಕ್ಕೋ ಪಾತ್ರನಾಗದೆ, ಅವಮಾನವನ್ನುಂಡ ಗಂಭೀರಪುರುಷನಾಗಿ ಕಾಣಿಸಿಕೊಂಡನು. ಆ ನಾಟಕವು 250 ರಾತ್ರಿಗಳು ನಡೆಯಿತು.

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ಚತುರ್ವಿಧವಷ್ಟೆ. ಈ ಮಾನದಿಂದ ಅಳೆದರೆ ಅರ್ವಿಂಗನ ಗುಣದೋಷಗಳು ಸ್ಪಷ್ಟವಾಗುತ್ತವೆ. ಆತನ ನಡಗೆ ವಿಲಕ್ಷಣ, ಉಚ್ಚಾರಣೆ ವಿಕೃತವೆಂಬುದು ವಿಮರ್ಶಕರ ನಿತ್ಯದ ಆಕ್ಷೇಪಣೆ. ಆದರೆ ಭೀತಿ, ಪಶ್ಚಾತ್ತಾಪ, ಅಂತರ್ದಾಹಗಳನ್ನು ಮುಖದಲ್ಲಿಯೂ ಮೌನದಲ್ಲಿಯೂ ತೋರುವ ಸಾತ್ತ್ವಿಕದಲ್ಲಿ ಆತನಿಗೆ ಸಮಾನರು ವಿರಳ. ಆಹಾರ್ಯದಲ್ಲಿಯಂತೂ ವೆಚ್ಚಕ್ಕೆ ಮಿತಿಯಿರಲಿಲ್ಲ. ಪ್ರೇಕ್ಷಕರ ಭಾಗವನ್ನು ಕತ್ತಲುಮಾಡಿ, ಅನಿಲದೀಪಗಳ ಮೃದುಪ್ರಭೆಯಲ್ಲಿ ರಂಗವನ್ನು ಚಿತ್ರಪಟದಂತೆ ಬೆಳಗಿಸಿದನು. 1885ರ ‘ಫೌಸ್ಟ್’ ನಾಟಕದಲ್ಲಿ ಖಡ್ಗಗಳು ತಾಗಿದಾಗ ವಿದ್ಯುತ್ತಿನ ಕಿಡಿಗಳು ಹಾರುತ್ತಿದ್ದವು. ಈ ವೈಭವಕ್ಕಾಗಿ ಷೇಕ್ಸ್‌ಪಿಯರನ ಪಾಠವನ್ನು ಕತ್ತರಿಸಿದನೆಂದೂ, ಹೊಸ ನಾಟಕಕಾರರನ್ನು ಕಡೆಗಣಿಸಿದನೆಂದೂ ಬರ್ನಾರ್ಡ್ ಷಾ ಕಟುವಾಗಿ ದೂಷಿಸಿದನು. ಈ ದೂಷಣೆಯಲ್ಲಿ ಸತ್ಯಾಂಶವುಂಟು. ಇಬ್ಸೆನ್ನನ ಯುಗವು ಲೈಸಿಯಮ್ಮಿನ ಬಾಗಿಲನ್ನು ಪ್ರವೇಶಿಸಲಿಲ್ಲ.

1883ರಲ್ಲಿ ನೈಟ್ ಪದವಿಯ ಸೂಚನೆ ಬಂದಾಗ ಆತನು ನಿರಾಕರಿಸಿದ್ದನು. 1895ರಲ್ಲಿ ಅದನ್ನು ಸ್ವೀಕರಿಸಿ, ಆ ಗೌರವವನ್ನು ಪಡೆದ ನಟರಲ್ಲಿ ಪ್ರಥಮನಾದನು. 1572ರ ಶಾಸನಕ್ಕೂ ಇದಕ್ಕೂ ನಡುವೆ 323 ವರ್ಷಗಳು ಕಳೆದಿದ್ದವು.

ಆದರೆ ರಾಜ್ಯವು ಬಿರುದನ್ನಿತ್ತಿತೇ ಹೊರತು ಆಶ್ರಯವನ್ನೀಯಲಿಲ್ಲ. ಲೈಸಿಯಮ್ಮಿನ ವೆಚ್ಚವೆಲ್ಲವೂ ಒಬ್ಬನ ದೇಹಬಲವನ್ನೂ ಅಮೆರಿಕದ ಯಾತ್ರೆಗಳ ಆದಾಯವನ್ನೂ ಅವಲಂಬಿಸಿತ್ತು. 1898ರ ಫೆಬ್ರವರಿಯಲ್ಲಿ ಉಗ್ರಾಣಕ್ಕೆ ಬೆಂಕಿ ಬಿದ್ದು 40ಕ್ಕೂ ಮಿಕ್ಕ ನಾಟಕಗಳ ಪರದೆ ಪರಿಕರಗಳು ಭಸ್ಮವಾದವು. ಅದೇ ವರ್ಷದ ಕೊನೆಯಲ್ಲಿ ತೀವ್ರವಾದ ಶ್ವಾಸಕೋಶದ ರೋಗವು ಬಾಧಿಸಿತು. 1899ರಲ್ಲಿ ಲೈಸಿಯಂ ಒಂದು ಕಂಪೆನಿಯ ವಶವಾಯಿತು. 1902ರ ಜುಲೈ 19ರಂದು ಅಲ್ಲಿ ಕೊನೆಯ ಸಾರಿ ಷೈಲಾಕನಾಗಿ ಅಭಿನಯಿಸಿದ ವೃದ್ಧನಟನು, ಜೀವನಾರ್ಥವಾಗಿ ಮತ್ತೆ ಊರೂರು ಸುತ್ತಬೇಕಾಯಿತು. 1905ರ ಅಕ್ಟೋಬರ್ 13ರಂದು ಬ್ರ್ಯಾಡ್‌ಫರ್ಡಿನಲ್ಲಿ ಟೆನ್ನಿಸನ್ ಕವಿಯ ‘ಬೆಕೆಟ್’ ನಾಟಕವನ್ನು ಮುಗಿಸಿ ಬಿಡಾರಕ್ಕೆ ಹಿಂದಿರುಗಿದೊಡನೆಯೇ ಪ್ರಾಣಬಿಟ್ಟನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಪೂರ್ವದ ಮಹಾನಟ ಗ್ಯಾರಿಕ್ಕನ ಪಕ್ಕದಲ್ಲಿ ಆತನ ಭಸ್ಮವನ್ನಿರಿಸಿದರು.

ಆತನು ತೆರೆದ ದಾರಿಯಲ್ಲಿ 1897ರಲ್ಲಿ ಬ್ಯಾಂಕ್ರಾಫ್ಟನೂ 1909ರಲ್ಲಿ ಬೀರ್‌ಬೋಮ್ ಟ್ರೀಯೂ ನೈಟರಾದರು. ರಂಗದ ಭಾರವನ್ನು ಒಬ್ಬನ ಹೆಗಲಿನಿಂದಿಳಿಸಿ ರಾಜ್ಯವೂ ಹೊರುವ ನ್ಯಾಷನಲ್ ಥಿಯೇಟರ್ ಪ್ರಯೋಗವನ್ನಾರಂಭಿಸಿದುದು 1963ರಲ್ಲಿ. ನಟನಿಗೆ ಮಾನವು ದೊರೆತ 68 ವರ್ಷಗಳ ಮೇಲೆ ನಾಟ್ಯಕ್ಕೆ ರಾಜಾಶ್ರಯವು ದೊರೆಯಿತು.